ಕ್ಯಾನ್ಸರ್ ಹರಡಿದೆ ಎಂದ ದಿನವೇ ಶುರುವಾಗಬೇಕಾದ ಆರೈಕೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಿಗೆ ಕ್ಯಾನ್ಸರ್ ವರದಿ ದೂರದಿಂದ ಬರುತ್ತದೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದವರು ತರುತ್ತಾರೆ, ಶಿವಮೊಗ್ಗಕ್ಕೆ ಹೋದವರು ತರುತ್ತಾರೆ, ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದವರು ತರುತ್ತಾರೆ. ವರದಿಯಲ್ಲಿ ‘ಹರಡಿದೆ’ ಎಂದಿದ್ದರೆ ಮನೆಮಂದಿಗೆ ಕೈಕಾಲು ಆಡುವುದಿಲ್ಲ. ಹರಡಿದ ಜಾಗ ಕಣ್ಣು, ದವಡೆ, ಹೊಕ್ಕುಳು, ಬೆರಳ ತುದಿ, ಹೃದಯದ ಹೊದಿಕೆ ಎಂದು ಯಾರೂ ಕೇಳಿರದ ಜಾಗವಾಗಿದ್ದರೆ ಗಾಬರಿ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ವೈದ್ಯರ ಮಾತಿಗಿಂತ ಊರ ಮಾತು ಜೋರಾಗುತ್ತದೆ. ಊರವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವುಗಳಲ್ಲಿ ಕೆಲವು ಮಾತುಗಳು ರೋಗಿಯ ನೋವನ್ನು ತಿಂಗಳುಗಟ್ಟಲೆ ಉದ್ದ ಮಾಡುತ್ತವೆ.

ಇಂಥ ಹೊತ್ತಿನಲ್ಲಿ ಬೇಕಾದದ್ದು ಉಪಶಮನ ಆರೈಕೆ. ಆಸ್ಪತ್ರೆಗಳಲ್ಲಿ ಇದನ್ನೇ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ನೋವು, ಉಬ್ಬಸ, ವಾಂತಿ, ನಿದ್ರೆಗೇಡು, ಹುಣ್ಣಿನ ವಾಸನೆ, ಮನಸ್ಸಿನ ಕುದಿ, ನೋಡಿಕೊಳ್ಳುವವರ ದಣಿವು ಇವನ್ನೆಲ್ಲ ಹಣೆಬರಹ ಎಂದು ಬಿಟ್ಟುಬಿಡದೆ ಒಂದೊಂದಕ್ಕೂ ಪರಿಹಾರ ಹುಡುಕುವ ವೈದ್ಯವಿಭಾಗವಿದು. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದು ಇದಕ್ಕೆ ಇಂದಿನ ರೂಪ ಕೊಟ್ಟರು. ದೇಹದ ಬಾಧೆ, ಮನಸ್ಸಿನ ಭಯ, ಹಣದ ಚಿಂತೆ, ದೇವರ ಬಗೆಗಿನ ಪ್ರಶ್ನೆ ಎಲ್ಲವೂ ಸೇರಿಯೇ ರೋಗಿಯ ನೋವು ಎಂಬುದನ್ನು ಅವರು ಕಂಡುಕೊಂಡರು. ಈ ಆರೈಕೆ ನಮ್ಮ ಮನೆಗಳನ್ನು ತಲುಪದಂತೆ ಅಡ್ಡ ನಿಲ್ಲುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕಣ್ಣಿಗೋ ದವಡೆಗೋ ಬಂದಿರುವುದು ಎರಡನೆಯ, ಬೇರೆಯೇ ಕ್ಯಾನ್ಸರ್.

ವಾಸ್ತವ: ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಕಣ್ಣಿಗೆ ಹೋದರೂ ಅದು ಸ್ತನದ ಕ್ಯಾನ್ಸರೇ. ಶ್ವಾಸಕೋಶದ ಕ್ಯಾನ್ಸರ್ ದವಡೆಯ ಮೂಳೆಗೆ ಹೋದರೂ ಅದರ ಜೀವಕೋಶಗಳು ಶ್ವಾಸಕೋಶದವೇ. ಅವು ರಕ್ತದ ಮೂಲಕ ಇಲ್ಲವೇ ದುಗ್ಧರಸದ ನಾಳಗಳ ಮೂಲಕ ಸಾಗಿ, ಹೋದ ಕಡೆ ನೆಲೆಯೂರುತ್ತವೆ.

ಎಲ್ಲಿ ನೆಲೆಯೂರುತ್ತವೆ ಎಂಬುದಕ್ಕೆ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಕೊಟ್ಟ ವಿವರಣೆ ಕೃಷಿಕರಿಗೆ ಸುಲಭವಾಗಿ ಅರ್ಥವಾಗುತ್ತದೆ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿದ ಅವರು, ಬೀಜ ಎಲ್ಲ ಕಡೆಗೂ ಹಾರುತ್ತದೆ, ಆದರೆ ಮಣ್ಣು ಒಗ್ಗಿದಲ್ಲಿ ಮಾತ್ರ ಮೊಳೆಯುತ್ತದೆ ಎಂದರು. ಅದಕ್ಕೇ ಲಿವರ್, ಶ್ವಾಸಕೋಶ, ಮೂಳೆ, ಮೆದುಳಿನಲ್ಲಿ ಹೆಚ್ಚಾಗಿ, ಉಳಿದ ಜಾಗಗಳಲ್ಲಿ ಅಪರೂಪವಾಗಿ ಅದು ಬೇರುಬಿಡುತ್ತದೆ.

ಚಿಕಿತ್ಸೆಯ ದಾರಿ ಇದರ ಮೇಲೆ ನಿಂತಿದೆ. ಸ್ತನ ಕ್ಯಾನ್ಸರ್ ಹಾರ್ಮೋನಿಗೆ ಸ್ಪಂದಿಸುವ ಬಗೆಯದಾಗಿದ್ದರೆ, ಅದು ಕಣ್ಣಿಗೆ ಹೋಗಿರಲಿ ಚರ್ಮಕ್ಕೆ ಹೋಗಿರಲಿ, ಹಾರ್ಮೋನ್ ಮಾತ್ರೆಯಿಂದ ಕುಗ್ಗುವ ಸಾಧ್ಯತೆ ಇದೆ. ಆದ್ದರಿಂದ ಮೊದಲ ಬಯಾಪ್ಸಿ ವರದಿಯನ್ನು ಎಂದೂ ಕಳೆಯಬೇಡಿ. ಕಣ್ಣಿನ ಡಾಕ್ಟರ ಬಳಿ ಹೋಗುವಾಗಲೂ, ಹಲ್ಲಿನ ಡಾಕ್ಟರ ಬಳಿ ಹೋಗುವಾಗಲೂ ಹಳೆಯ ಕಡತ ಕೈಯಲ್ಲಿರಲಿ.

ತಪ್ಪು ಕಲ್ಪನೆ 2: ಬೆರಳ ಬಾವು, ಹೊಕ್ಕುಳ ಗಂಟು, ಗದ್ದದ ಜೋಮು ಇವಕ್ಕೂ ಹಳೆಯ ಕ್ಯಾನ್ಸರಿಗೂ ಸಂಬಂಧವಿಲ್ಲ.

ವಾಸ್ತವ: ಬಹುತೇಕ ಸಲ ಸಂಬಂಧ ಇರುವುದಿಲ್ಲ, ನಿಜ. ಉಗುರುಸುತ್ತು ಉಗುರುಸುತ್ತೇ ಆಗಿರುತ್ತದೆ. ಆದರೆ ಒಮ್ಮೆ ಕ್ಯಾನ್ಸರ್ ಬಂದುಹೋದವರಲ್ಲಿ, ವಾರಗಳು ಕಳೆದರೂ ಮಾಯದ ಹೊಸ ತೊಂದರೆಯನ್ನು ವೈದ್ಯರಿಗೆ ತೋರಿಸಲೇಬೇಕು.

ಶ್ವಾಸಕೋಶದ ಕ್ಯಾನ್ಸರ್ ಅಪರೂಪಕ್ಕೆ ಬೆರಳ ತುದಿಯ ಮೂಳೆಗೆ ಹೋಗುತ್ತದೆ. ಬೆರಳು ಕೆಂಪಾಗಿ ಊದಿ, ಥೇಟ್ ಸೋಂಕಿನ ಹಾಗೆ ಕಾಣುತ್ತದೆ, ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ದವಡೆಯ ನರವನ್ನು ಗಡ್ಡೆ ಒತ್ತಿದಾಗ ಗದ್ದದ ಒಂದು ಬದಿ, ಕೆಳತುಟಿ ಮರಗಟ್ಟಿದ ಹಾಗಾಗುತ್ತದೆ. ಹಲ್ಲು ಕಿತ್ತ ಕುಳಿ ವಾಸಿಯಾಗುವ ಬದಲು ಅಲ್ಲಿಂದ ಮಾಂಸ ಬೆಳೆದುಬರುವುದೂ ಉಂಟು. ಎಲೆ ಅಡಿಕೆ ಹಾಕುವವರಲ್ಲಿ ಇದನ್ನು ಸುಣ್ಣದಿಂದಾದ ಹುಣ್ಣು ಎಂದು ಬಿಟ್ಟುಬಿಡುವುದು ಸುಲಭ. ಸ್ತನ ಕ್ಯಾನ್ಸರ್ ಕಣ್ಣಿನ ಒಳಪದರಕ್ಕೆ ಹೋದರೆ ದೃಷ್ಟಿ ಮಸುಕಾಗುತ್ತದೆ. ಪೊರೆ ಬಂದಿದೆ ಎಂದುಕೊಂಡು ದಿನ ತಳ್ಳುತ್ತಾರೆ. ಅದೇ ಕ್ಯಾನ್ಸರ್ ಎದೆಯ ಚರ್ಮದ ಮೇಲೆ ಸಾಲುಸಾಲು ಗುಳ್ಳೆಗಳಾಗಿ ಎದ್ದರೆ ಸರ್ಪಸುತ್ತು ಎಂದು ಮದ್ದು ಹಚ್ಚುತ್ತಾರೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೋದರೆ ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಸಕ್ಕರೆ ಕಾಯಿಲೆ ಎಂದು ಪರೀಕ್ಷಿಸಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ. ಕಿಡ್ನಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ವರ್ಷದ ಮೇಲೆ ಥೈರಾಯ್ಡ್‌ನಲ್ಲಿ ತಲೆ ಎತ್ತಿದ ಉದಾಹರಣೆಗಳಿವೆ.

ಹೊಕ್ಕುಳಿನ ಗಟ್ಟಿ ಗಂಟಿನ ಕಥೆ ಆರೈಕೆ ಮಾಡುವವರೆಲ್ಲ ತಿಳಿಯಬೇಕಾದದ್ದು. ಜಠರ, ಅಂಡಾಶಯ ಮುಂತಾದ ಹೊಟ್ಟೆಯೊಳಗಿನ ಕ್ಯಾನ್ಸರ್ ಹೊಕ್ಕುಳಿನಲ್ಲಿ ಗಂಟಾಗಿ ಕಾಣುವುದನ್ನು ಗುರುತಿಸಿದವರು ಅಮೆರಿಕದ ರೋಚೆಸ್ಟರ್‌ನಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೊ ಅವರ ಸಹಾಯಕಿಯಾಗಿದ್ದ ನರ್ಸ್ ಸಿಸ್ಟರ್ ಮೇರಿ ಜೋಸೆಫ್. ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಸಿದ್ಧಗೊಳಿಸುವಾಗ ಅವರ ಕಣ್ಣಿಗೆ ಅದು ಬಿದ್ದಿತ್ತು. 1949ರಲ್ಲಿ ಆ ಗಂಟಿಗೆ ಅವರದೇ ಹೆಸರು ಬಂತು. ನಮ್ಮ ಮನೆಗಳಲ್ಲೂ ಬಚ್ಚಲಲ್ಲಿ ಮೀಯಿಸುವ ಸೊಸೆಗೆ, ಬೆನ್ನು ಉಜ್ಜುವ ಮಗನಿಗೆ ಇಂಥದ್ದು ವೈದ್ಯರಿಗಿಂತ ಮೊದಲು ಕಾಣುತ್ತದೆ. ಕಂಡದ್ದನ್ನು ಹೇಳಲು ಅಂಜಬೇಡಿ.

ತಪ್ಪು ಕಲ್ಪನೆ 3: ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದರಿಂದಲೇ, ಕತ್ತಿ ತಾಗಿಸಿದ್ದರಿಂದಲೇ ಹರಡಿತು.

ವಾಸ್ತವ: ಕ್ಯಾನ್ಸರ್ ಹರಡುವುದು ಅದರ ಸ್ವಭಾವ. ಬಹಳಷ್ಟು ಸಲ ಪರೀಕ್ಷೆ ಮಾಡಿಸುವ ಹೊತ್ತಿಗೆ ಅದು ಹರಡಿಯೇ ಇರುತ್ತದೆ. ಬಯಾಪ್ಸಿ ಆದ ಮೇಲೆ ಗೊತ್ತಾಗುವುದರಿಂದ ಬಯಾಪ್ಸಿಯೇ ಕಾರಣ ಎನಿಸುತ್ತದೆ. ಸೂಜಿ ಹೋದ ದಾರಿಯಲ್ಲಿ ಜೀವಕೋಶ ಉಳಿಯುವುದು ತೀರಾ ಅಪರೂಪ, ಅಂಥ ಸಾಧ್ಯತೆ ಇರುವ ಗಡ್ಡೆಗಳಲ್ಲಿ ವೈದ್ಯರು ಅದಕ್ಕೆ ತಕ್ಕ ಎಚ್ಚರ ವಹಿಸುತ್ತಾರೆ. ಅಪರೂಪದ ಜಾಗದಲ್ಲಿ ಗಂಟು ಬಂದಾಗ ಬಯಾಪ್ಸಿ ಇನ್ನೂ ಮುಖ್ಯ. ಅದು ಹಳೆಯ ಕ್ಯಾನ್ಸರೇ, ಹೊಸದೇ, ಅಥವಾ ಬರೀ ಕ್ಷಯದ ಗಡ್ಡೆಯೇ ಎಂದು ಬೇರೆ ರೀತಿಯಲ್ಲಿ ಖಚಿತವಾಗಿ ಹೇಳಲಾಗದು.

ತಪ್ಪು ಕಲ್ಪನೆ 4: ಇಂಥ ಜಾಗಕ್ಕೆ ಹೋದ ಮೇಲೆ ಮಾಡುವುದಕ್ಕೆ ಏನೂ ಇಲ್ಲ.

ವಾಸ್ತವ: ಕಾಯಿಲೆಯನ್ನು ಬೇರುಸಹಿತ ಕಿತ್ತು ಹಾಕಲು ಆಗದಿರಬಹುದು. ಆದರೆ ಅದು ಕೂತ ಜಾಗದಲ್ಲಿ ಕೊಡುತ್ತಿರುವ ಹಿಂಸೆಗೆ ಮಾಡುವುದಕ್ಕೆ ಬಹಳ ಇದೆ. ಜಾಗ ಅಪರೂಪವಾದಷ್ಟೂ ಈ ಪ್ರಶ್ನೆ ಕೇಳಬೇಕು: ಅಲ್ಲಿ ಕೂತು ಅದು ಏನು ಮಾಡುತ್ತಿದೆ? ಅದನ್ನು ಹೇಗೆ ತಗ್ಗಿಸಬಹುದು?

ಕಣ್ಣಿನ ಒಳಪದರಕ್ಕೆ ಹೋಗಿದ್ದರೆ ವಿಕಿರಣ ಚಿಕಿತ್ಸೆ, ನಮ್ಮ ಕಡೆಯ ಮಾತಿನಲ್ಲಿ ಕರೆಂಟ್ ಕೊಡುವುದು, ಅನೇಕರ ದೃಷ್ಟಿಯನ್ನು ಉಳಿಸುತ್ತದೆ. ಉಳಿದಿರುವ ಕಾಲವನ್ನು ಮೊಮ್ಮಕ್ಕಳ ಮುಖ ನೋಡುತ್ತ ಕಳೆಯುವುದು ಸಣ್ಣ ಲಾಭವಲ್ಲ. ಹೃದಯದ ಹೊದಿಕೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿದ್ದರೆ, ಸ್ಕ್ಯಾನ್ ನೋಡುತ್ತ ಸೂಜಿಯಿಂದ ನೀರು ತೆಗೆಯುತ್ತಾರೆ. ಎಷ್ಟೋ ಮಂದಿಗೆ ಕೂಡಲೇ ಉಸಿರು ಹಗುರಾಗುತ್ತದೆ. ಪಿಟ್ಯುಟರಿಯಿಂದ ಬಂದ ಬಾಯಾರಿಕೆಗೆ ಡೆಸ್ಮೊಪ್ರೆಸಿನ್ ಎಂಬ ಔಷಧಿಯಿದೆ. ರಾತ್ರಿಯಿಡೀ ಮೂತ್ರಕ್ಕೆ ಏಳುತ್ತಿದ್ದವರು ನಿದ್ದೆ ಮಾಡುವಂತಾಗುತ್ತದೆ.

ಮೂಳೆಯ ನೋವಿಗೆ ಬಹಳಷ್ಟು ಸಲ ಒಂದೇ ಬಾರಿಯ ವಿಕಿರಣ ಸಾಕಾಗುತ್ತದೆ ಎಂಬುದು ಮಲೆನಾಡಿನವರಿಗೆ ಬಹಳ ಉಪಯೋಗದ ಸುದ್ದಿ. 8 ಗ್ರೇ ಪ್ರಮಾಣವನ್ನು ಒಂದೇ ದಿನ ಕೊಟ್ಟರೂ, ಅದಕ್ಕಿಂತ ಹೆಚ್ಚಿನ ಒಟ್ಟು ಪ್ರಮಾಣವನ್ನು ಹತ್ತು ದಿನ ಹಂಚಿ ಕೊಟ್ಟರೂ ನೋವು ಇಳಿಯುವುದು ಹೆಚ್ಚು ಕಡಿಮೆ ಒಂದೇ ಸಮ ಎಂದು ಹಲವಾರು ಅಧ್ಯಯನಗಳು ತೋರಿಸಿವೆ. ಒಂದೇ ಸಲ ಕೊಟ್ಟಾಗ ಮುಂದೆ ಮತ್ತೊಮ್ಮೆ ಕೊಡಬೇಕಾಗಿ ಬರುವ ಸಂಭವ ತುಸು ಹೆಚ್ಚು. ಆದರೆ ಹತ್ತು ದಿನ ಲಾಡ್ಜಿನಲ್ಲಿ ಉಳಿಯುವ ಖರ್ಚು, ಜೊತೆಗಿರುವವರ ಕೂಲಿ ನಷ್ಟ, ಘಾಟಿ ರಸ್ತೆಯ ಪ್ರಯಾಸ ಇವೆಲ್ಲ ತಪ್ಪುತ್ತವೆ. ‘ಒಂದೇ ಸಲದಲ್ಲಿ ಮುಗಿಸಲು ಆಗುತ್ತದೆಯೇ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಗಂಟೆಗಳ ಲೆಕ್ಕ. ಕ್ಯಾನ್ಸರ್ ರೋಗಿಗೆ ಬೆನ್ನುನೋವು ಏರುತ್ತಾ ಹೋಗಿ, ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ನಾಳೆ ಬೆಳಗಿನ ಬಸ್ಸಿಗೆ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆ ತಲುಪಿ, ಅಲ್ಲಿಯ ವೈದ್ಯರು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಲಿ. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರಲ್ಲಿ ಬಹುತೇಕರು ನಡೆಯುತ್ತಾ ಉಳಿಯುತ್ತಾರೆ. ಕಾಲು ಪೂರ್ತಿ ಸೋತ ಮೇಲೆ ಮರಳಿ ಬರುವುದು ಕಷ್ಟ.

ತಪ್ಪು ಕಲ್ಪನೆ 5: ಉಪಶಮನ ಆರೈಕೆ ಎಂದರೆ ವೈದ್ಯರು ಕೈಬಿಟ್ಟರು, ಇನ್ನು ಕೊನೆಯ ದಿನಗಳು.

ವಾಸ್ತವ: ಈ ಒಂದು ನಂಬಿಕೆಯಿಂದಾಗಿಯೇ ಜನ ಈ ವಿಭಾಗದ ಬಾಗಿಲಿಗೆ ತಡವಾಗಿ ಬರುತ್ತಾರೆ. ಉಪಶಮನ ಆರೈಕೆ ಕೀಮೋ, ವಿಕಿರಣದ ಜೊತೆಜೊತೆಗೇ ನಡೆಯಬೇಕಾದದ್ದು.

ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಜಗತ್ತಿಗೆ ತೋರಿಸಿತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಆಗಷ್ಟೇ ಪತ್ತೆಯಾಗಿದ್ದ 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ, ಉಳಿದರ್ಧಕ್ಕೆ ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ. ಎರಡನೆಯ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ನೆಮ್ಮದಿಯಿಂದ ಕಳೆದವು. ಕೊನೆಗಾಲದಲ್ಲಿ ಹಿಂಸೆಯ ಚಿಕಿತ್ಸೆಗಳಿಗೆ ಒಳಗಾದವರೂ ಅವರಲ್ಲಿ ಕಡಿಮೆ. ಹಾಗಿದ್ದೂ ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳಿಗಿಂತ ಹೆಚ್ಚು ಬದುಕಿದರು, ಮೊದಲನೆಯ ಗುಂಪಿನಲ್ಲಿ ಈ ಅವಧಿ 8.9 ತಿಂಗಳು.

ನಾಲ್ಕನೇ ಹಂತ ಎಂದಾಕ್ಷಣ ದಿನ ಎಣಿಸುವುದೂ ತಪ್ಪು. ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದ, ನಾಡಿಗೆಲ್ಲ ಪರಿಚಿತ ದನಿಯ ನಿರೂಪಕಿ ಅಪರ್ಣಾ ಅವರಿಗೆ 2022ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾದಾಗ ಅದಾಗಲೇ ನಾಲ್ಕನೇ ಹಂತದಲ್ಲಿತ್ತು. ಅವರು ತೀರಿಕೊಂಡದ್ದು 2024ರ ಜುಲೈ 11ರಂದು. ನಡುವಿನದು ಬದುಕಿನ ಕಾಲ. ಹರಡಿದ ಕ್ಯಾನ್ಸರಿನ ಜೊತೆ ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಸಿಗುತ್ತವೆ. ಎಷ್ಟು ಸಿಕ್ಕರೂ ಅವು ನೋವಿಲ್ಲದೆ ಕಳೆಯುವಂತಿರಬೇಕು.

ತಪ್ಪು ಕಲ್ಪನೆ 6: ಮಾರ್ಫಿನ್ ಎಂದರೆ ಚಟ ಹಿಡಿಸುವ ಅಫೀಮು. ಅದನ್ನು ಶುರು ಮಾಡಿದರೆ ಆಸೆ ಬಿಟ್ಟಂತೆ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಕ್ರಮವನ್ನು ಹೇಳಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥ ಮಾತ್ರೆ, ಮಧ್ಯಮಕ್ಕೆ ಅದಕ್ಕಿಂತ ಪ್ರಬಲವಾದದ್ದು, ತೀವ್ರ ನೋವಿಗೆ ಮಾರ್ಫಿನ್. ಮೆಟ್ಟಿಲು ಹತ್ತುವುದನ್ನು ನೋವು ನಿರ್ಧರಿಸುತ್ತದೆ, ಎಷ್ಟು ದಿನ ಬದುಕುತ್ತಾರೆ ಎಂಬ ಲೆಕ್ಕ ಅಲ್ಲಿ ಬರುವುದಿಲ್ಲ. ಮಾರ್ಫಿನ್ ಸೇವಿಸುತ್ತಲೇ ತೋಟಕ್ಕೆ ಹೋಗಿಬರುವವರು, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಊಟ ಮಾಡುವವರು ಇದ್ದಾರೆ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆಂದು ತೆಗೆದುಕೊಳ್ಳುವವರಲ್ಲಿ ಚಟ ಹತ್ತುವುದು ಅಪರೂಪ. ವಿಕಿರಣದಿಂದ ನೋವು ಇಳಿದರೆ ಮಾತ್ರೆಯನ್ನೂ ಹಂತಹಂತವಾಗಿ ಇಳಿಸುತ್ತಾರೆ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದಾಗ ನುಂಗುವುದಲ್ಲ, ಗಡಿಯಾರ ನೋಡಿ ನುಂಗಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರುತ್ತದೆ, ಆಮೇಲೆ ಒಗ್ಗುತ್ತದೆ. ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿಯನ್ನು ಜೊತೆಗೆ ಬರೆಯುತ್ತಾರೆ. ಅದನ್ನು ಬಿಡಬೇಡಿ. ‘ಮಾರ್ಫಿನ್ ಒಗ್ಗಲಿಲ್ಲ’ ಎನ್ನುವ ಎಷ್ಟೋ ಮಂದಿಗೆ ಒಗ್ಗದಿದ್ದದ್ದು ಕಟ್ಟಿದ ಹೊಟ್ಟೆ. ಮಾತ್ರೆಯನ್ನು ಬೀಗದೊಳಗೆ ಇಡಿ, ಬೇರೆಯವರ ನೋವಿಗೆ ಕೊಡಬೇಡಿ, ಉಳಿದರೆ ಆಸ್ಪತ್ರೆಗೆ ಮರಳಿಸಿ.

ಹಾಗಿದ್ದರೂ ಮಾರ್ಫಿನ್ ಸಿಗುವುದು ಕಷ್ಟ ಏಕೆ? ಅಫೀಮಿನ ಗಿಡವನ್ನು ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಡಿ ಬೆಳೆಯುತ್ತಾರೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ, ಒಂದಕ್ಕಿಂತ ಹೆಚ್ಚು ಪರವಾನಗಿಗಳ ಜಂಜಾಟದಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಈಗ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರಿದ್ದರೆ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದು ಯಾವ ಆಸ್ಪತ್ರೆಯಾದರೂ ಮಾರ್ಫಿನ್ ಇಡಬಹುದು. ತಾಲ್ಲೂಕು ಆಸ್ಪತ್ರೆಗೂ ಈ ದಾರಿ ತೆರೆದಿದೆ.

ತಪ್ಪು ಕಲ್ಪನೆ 7: ಕ್ಯಾನ್ಸರ್ ಹುಣ್ಣು ಅಂಟುತ್ತದೆ. ತಟ್ಟೆ ಲೋಟ ಬೇರೆ ಇಡಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ವಾಸ್ತವ: ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದಿಲ್ಲ, ಪಕ್ಕದಲ್ಲಿ ಮಲಗಿದರೆ ಅಂಟುವುದಿಲ್ಲ. ಚರ್ಮಕ್ಕೆ ಹರಡಿ ಒಡೆದ ಗಡ್ಡೆ ವಾಸನೆ ಬರುವುದು ಅದರಲ್ಲಿ ಸೇರಿದ ಬ್ಯಾಕ್ಟೀರಿಯಾಗಳಿಂದ. ಆ ವಾಸನೆಯೇ ರೋಗಿಯನ್ನು ಹಿಂದಿನ ಕೋಣೆಗೆ, ಕೊಟ್ಟಿಗೆಯ ಪಕ್ಕದ ಜಗಲಿಗೆ ದೂಡುತ್ತದೆ. ನೋವಿಗಿಂತ ಹೆಚ್ಚಾಗಿ ಈ ಅವಮಾನವೇ ಅವರನ್ನು ಕೊಲ್ಲುತ್ತದೆ.

ಇದಕ್ಕೆ ಮದ್ದು ಅಗ್ಗವಾದದ್ದು. ಮೆಟ್ರೊನಿಡಜೋಲ್ ಎಂಬ ಔಷಧಿಯನ್ನು ಜೆಲ್ ಆಗಿ, ಅಥವಾ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಹಾಕಲು ವೈದ್ಯರು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಪಟ್ಟಿ ಬಿಚ್ಚುವ ಮೊದಲು ಕುದಿಸಿ ಆರಿಸಿದ ಉಪ್ಪುನೀರಿನಿಂದ ಚೆನ್ನಾಗಿ ನೆನೆಸಬೇಕು. ಒಣಗಿದ ಬಟ್ಟೆಯನ್ನು ಎಳೆದರೆ ರಕ್ತ ಬರುತ್ತದೆ, ಜೀವ ಹೋದಂತಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳುವ ಭಯವಿದ್ದೇ ಇದೆ, ಆದ್ದರಿಂದ ಹುಣ್ಣು ಸದಾ ಮುಚ್ಚಿರಲಿ. ಹುಳ ಬಿದ್ದರೂ ನಾಚಿಕೆ ಬೇಡ, ಕೂಡಲೇ ನರ್ಸಿಗೆ ತೋರಿಸಿ.

ಕೆಂಪು ಅಥವಾ ಗಾಢ ಬಣ್ಣದ ಹಳೆಯ ಪಂಚೆ, ಟವೆಲ್ ಹತ್ತಿರದಲ್ಲಿಡಿ. ಹಠಾತ್ತನೆ ರಕ್ತ ಹರಿದರೆ ಒತ್ತಿ ಹಿಡಿಯಲು ಅವು ಬೇಕು, ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿ ರೋಗಿ ಹೆದರುವುದೂ ತಪ್ಪುತ್ತದೆ.

ತಪ್ಪು ಕಲ್ಪನೆ 8: ನಾಟಿ ಮದ್ದು ಶುರು ಮಾಡಿದರೆ ಆಸ್ಪತ್ರೆಯ ಔಷಧಿ ಪೂರ್ತಿ ನಿಲ್ಲಿಸಬೇಕು.

ವಾಸ್ತವ: ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರಕ್ಕೆ ಕ್ಯಾನ್ಸರ್ ಮದ್ದಿಗಾಗಿ ದೇಶದ ನಾನಾ ಕಡೆಯಿಂದ ಜನ ಬಂದು ಸಾಲು ನಿಂತದ್ದನ್ನು ಮಲೆನಾಡು ಕಂಡಿದೆ. ನಮ್ಮ ಊರುಗಳಲ್ಲೂ ತೊಗಟೆ, ಬೇರು, ಕಷಾಯ ಕೊಡುವವರಿದ್ದಾರೆ. ಕೊನೆಯದಾಗಿ ಇದನ್ನೂ ನೋಡೋಣ ಎನ್ನುವ ಮನೆಯವರ ತವಕ ಅರ್ಥವಾಗುವಂಥದ್ದು, ಅದಕ್ಕಾಗಿ ಅವರನ್ನು ಬೈಯುವುದು ಸಲ್ಲ.

ಆದರೆ ಪಥ್ಯದ ಹೆಸರಿನಲ್ಲಿ ನೋವಿನ ಮಾತ್ರೆ ನಿಲ್ಲಿಸುವುದು ಕ್ರೌರ್ಯ. ಮಾರ್ಫಿನ್ ಅನ್ನಾಗಲಿ ಸ್ಟೀರಾಯ್ಡ್ ಅನ್ನಾಗಲಿ ಒಮ್ಮೆಲೇ ಬಿಟ್ಟರೆ ದೇಹ ತತ್ತರಿಸುತ್ತದೆ. ಏನೇ ಸೇವಿಸುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಕೆಲವು ಬೇರು ಸೊಪ್ಪುಗಳು ಲಿವರ್ ಮೇಲೆ, ಕಿಡ್ನಿಯ ಮೇಲೆ ಹೊರೆ ಹಾಕುತ್ತವೆ. ಕಿಡ್ನಿ ಸೋತರೆ ಮಾರ್ಫಿನ್ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ. ಒಡೆದ ಗಡ್ಡೆಯ ಮೇಲೆ ಸೊಪ್ಪಿನ ರಸ, ಸಗಣಿ, ಸುಣ್ಣ ಹಚ್ಚಲೇಬೇಡಿ. ‘ಇದು ಕುಡಿದರೆ ಆಪರೇಷನ್ ಬೇಡ’ ಎಂದು ಚಿಕಿತ್ಸೆಯಿಂದ ಗುಣವಾಗಬಹುದಾದ ಹಂತದಲ್ಲಿ ತಡೆಯುವವರನ್ನು ದೂರವಿಡಿ.

ತಪ್ಪು ಕಲ್ಪನೆ 9: ರೋಗಿಗೆ ಹೇಳಬಾರದು. ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ.

ವಾಸ್ತವ: ಆಸ್ಪತ್ರೆಯ ಬಾಗಿಲಲ್ಲೇ ಮಗ ವೈದ್ಯರನ್ನು ತಡೆದು, ‘ಅಪ್ಪಯ್ಯಂಗೆ ಹೇಳ್ಬೇಡಿ, ಗ್ಯಾಸ್ಟ್ರಿಕ್ ಅಂತ ಹೇಳಿದೀವಿ’ ಎನ್ನುತ್ತಾನೆ. ಒಳಗೆ ಅಪ್ಪ, ‘ಮಕ್ಕಳಿಗೆ ಗೊತ್ತಾಗೋದು ಬೇಡ ಡಾಕ್ಟ್ರೇ, ಪಾಪ ಹೆದರ್ತಾವೆ’ ಎನ್ನುತ್ತಾರೆ. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ಒಂಟಿಯಾಗಿ ಹೊರುತ್ತಾರೆ. ದಿನದಿನಕ್ಕೆ ಸಡಿಲವಾಗುವ ಪಂಚೆ, ಬಂದವರ ತಗ್ಗಿದ ದನಿ, ದೂರದೂರಿನಿಂದ ಕಾರಣವಿಲ್ಲದೆ ಬಂದಿಳಿದ ಮಗಳು ಇವೆಲ್ಲ ಸಾಕು ರೋಗಿಗೆ ತಿಳಿಯಲು.

ಎಲ್ಲವನ್ನೂ ಒಮ್ಮೆಗೇ ಮುಖಕ್ಕೆ ಹೇಳಬೇಕೆಂದಿಲ್ಲ. ‘ನಿಮಗೇನನ್ನಿಸುತ್ತಿದೆ? ಎಷ್ಟು ತಿಳಿಯಬೇಕು ಅನ್ನಿಸುತ್ತದೆ?’ ಎಂದು ಕೇಳಿ, ಅವರು ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳುವುದು ಉಪಶಮನ ಆರೈಕೆಯವರ ಕ್ರಮ. ತಿಳಿಯುವುದು ಬೇಡ ಎನ್ನುವ ಹಕ್ಕೂ ರೋಗಿಗಿದೆ. ತಿಳಿದವರು ಮಾಡಬೇಕೆಂದಿದ್ದ ಕೆಲಸ ಮುಗಿಸುತ್ತಾರೆ. ತೋಟದ ಪಾಲು ಬರೆಸುತ್ತಾರೆ, ಬ್ಯಾಂಕಿನ ಸಾಲದ ವಿವರ ಹೇಳುತ್ತಾರೆ, ಮಾತು ಬಿಟ್ಟ ತಮ್ಮನನ್ನು ಕರೆಸುತ್ತಾರೆ, ಶಾರದಾಂಬೆಯ ದರ್ಶನ ಮಾಡಿ ಬರುತ್ತಾರೆ. ಮುಚ್ಚಿಟ್ಟರೆ ಈ ಅವಕಾಶವನ್ನೇ ಅವರಿಂದ ಕಸಿದಂತೆ.

ತಪ್ಪು ಕಲ್ಪನೆ 10: ಊಟ ಬಿಟ್ಟರೆ ಡ್ರಿಪ್ ಹಾಕಿಸಲೇಬೇಕು, ಕೊನೆಯಲ್ಲಿ ಐಸಿಯುಗೆ ಒಯ್ಯದಿದ್ದರೆ ಕರ್ತವ್ಯ ಮರೆತಂತೆ.

ವಾಸ್ತವ: ಮುಂದುವರಿದ ಕ್ಯಾನ್ಸರಿನಲ್ಲಿ ದೇಹ ಆಹಾರವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ತಿನ್ನದೆ ಸೊರಗುತ್ತಿದ್ದಾರೆ ಎಂದು ನಮಗೆ ಕಾಣುತ್ತದೆ. ಕಾಯಿಲೆಯೇ ಹಸಿವನ್ನು ಕಿತ್ತುಕೊಂಡಿರುತ್ತದೆ. ಒತ್ತಾಯದಿಂದ ತುರುಕಿದರೆ ವಾಂತಿ, ಸಂಕಟ. ಎರಡು ಚಮಚ ಗಂಜಿತಿಳಿ, ಒಂದು ಗುಟುಕು ತಂಬುಳಿ, ಇಷ್ಟಪಟ್ಟರೆ ಅಪ್ಪೆಮಿಡಿಯ ರಸ ನಾಲಿಗೆಗೆ ತಾಗಿಸಿದರೂ ಸಾಕು. ಕೊನೆಯ ದಿನಗಳಲ್ಲಿ ಡ್ರಿಪ್ಪಿನ ನೀರು ಶ್ವಾಸಕೋಶದಲ್ಲಿ, ಕಾಲಿನಲ್ಲಿ ತುಂಬಿ ಉಸಿರಾಟ ಕಷ್ಟವಾಗಬಹುದು. ಆಗ ಒದ್ದೆ ಬಟ್ಟೆಯಿಂದ ಬಾಯಿ ತೇವ ಮಾಡುವುದು, ತುಟಿಗೆ ಬೆಣ್ಣೆ ಸವರುವುದು ಹೆಚ್ಚಿನ ಉಪಚಾರ.

ಯಂತ್ರಗಳ ನಡುವೆ ಕೊನೆಯಾಗುವುದು ಬೇಡ ಎನ್ನುವವರು ಅದನ್ನು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಈ ಹಕ್ಕನ್ನು ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಇದು ದಯಾಮರಣದ ಇ‌ಂಜೆಕ್ಷನ್ ಅಲ್ಲ. ಉಪಶಮನ ಆರೈಕೆ ಸಾವನ್ನು ಮುಂದೂಡುವ ಹಟವನ್ನೂ ಹಿಡಿಯುವುದಿಲ್ಲ, ಬೇಗ ತರುವುದೂ ಇಲ್ಲ.

ತಪ್ಪು ಕಲ್ಪನೆ 11: ಇವೆಲ್ಲ ದೊಡ್ಡ ಊರಿನವರಿಗೆ. ಸಂಕ ದಾಟಿ ಹೋಗಬೇಕಾದ ಒಂಟಿ ಮನೆಗೆ ಇದೆಲ್ಲ ಎಲ್ಲಿ ಬರುತ್ತದೆ?

ವಾಸ್ತವ: ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಶುರು ಮಾಡಿದ ಕೆಲಸ ಇಂದು ಕೇರಳದ ಹಳ್ಳಿಹಳ್ಳಿಗೆ ತಲುಪಿದೆ. 2008ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನೀತಿಯಾಗಿಸಿತು. ಪಂಚಾಯತಿಯ ನರ್ಸ್ ಮನೆಗೇ ಬಂದು ಹುಣ್ಣು ಕಟ್ಟುತ್ತಾರೆ, ಮೂತ್ರನಳಿಕೆ ಬದಲಿಸುತ್ತಾರೆ. ಗುಡ್ಡ, ಮಳೆ, ಒಂಟಿ ಮನೆಗಳು ಕಾಸರಗೋಡಿನ ಕನ್ನಡಿಗರಿಗೂ ಇವೆ, ಅವರಿಗೂ ಈ ಸೇವೆ ಸಿಗುತ್ತದೆ. ಅಲ್ಲಿ ಆಗುವುದು ಇಲ್ಲೂ ಆಗಬೇಕು.

ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮಣಿಪಾಲದಲ್ಲಿ ಉಪಶಮನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ಕಿದ್ವಾಯಿಯಲ್ಲೂ ಇದೆ. ಕೇಂದ್ರದ ಉಪಶಮನ ಆರೈಕೆ ಕಾರ್ಯಕ್ರಮ 2012ರಿಂದ ಇದೆ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲೂ ಇದು ಸೇರಿದೆ.

ದೊಡ್ಡ ಆಸ್ಪತ್ರೆಯಿಂದ ಊರಿಗೆ ಹೊರಡುವ ದಿನ ಇಷ್ಟನ್ನು ಕೇಳಿ ಪಡೆಯಿರಿ: ನೋವು ಹೆಚ್ಚಾದರೆ ಕೊಡಬೇಕಾದ ಹೆಚ್ಚುವರಿ ಮಾತ್ರೆಯ ಪ್ರಮಾಣ, ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು ಎಂಬ ಚೀಟಿ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಒಂದು ಪತ್ರ, ರಾತ್ರಿ ಕರೆ ಮಾಡಬಹುದಾದ ನಂಬರು. ಆ ಪತ್ರವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ತೋರಿಸಿ. ಜೂನ್ ಬರುವ ಮೊದಲು ಮಳೆಗಾಲದ ತಯಾರಿ ಆಗಬೇಕು. ಮರ ಬಿದ್ದು ರಸ್ತೆ ಕಟ್ಟುವ, ಕರೆಂಟು ಮತ್ತು ನೆಟ್‌ವರ್ಕ್ ದಿನಗಟ್ಟಲೆ ಹೋಗುವ ಕಾಲ ಅದು. ಎಷ್ಟು ವಾರದ ಔಷಧಿ ಬರೆದುಕೊಡಲು ಸಾಧ್ಯ ಎಂದು ಕೇಳಿ, ಖಾಲಿಯಾಗುವ ವಾರಕ್ಕೆ ಮುಂಚೆಯೇ ತರಿಸಿಕೊಳ್ಳಿ. ಆರೋಗ್ಯದ ಮಾಹಿತಿಗೆ 104 ಸಹಾಯವಾಣಿ ಇದೆ.

ಮಿಕ್ಕದ್ದು ಊರಿನ ಕೆಲಸ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತಲಾ ಒಬ್ಬ ವೈದ್ಯರಿಗೆ, ಇಬ್ಬರು ನರ್ಸ್‌ಗಳಿಗೆ ನೋವು ನಿವಾರಣೆಯ ತರಬೇತಿ ಸಿಗಬೇಕು, ಮಾರ್ಫಿನ್ ಇಡುವ ಮಾನ್ಯತೆ ಪಡೆಯಬೇಕು, ವಾರಕ್ಕೊಮ್ಮೆ ಮನೆಭೇಟಿಗೆ ಒಂದು ಜೀಪು ಹೊರಡಬೇಕು. ಕಾನೂನು ಅಡ್ಡಿಯಿಲ್ಲ, ಔಷಧಿ ದುಬಾರಿಯಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಕಾಲುಸಂಕ ಕೇಳುವ ಹಾಗೆ ಇದನ್ನೂ ಕೇಳಿ ನಡಾವಳಿಯಲ್ಲಿ ಬರೆಸಬೇಕು, ಶಾಸಕರ ಮುಂದೆ ಇಡಬೇಕು. ಕ್ಯಾನ್ಸರ್ ದೇಹದ ಯಾವ ಮೂಲೆಗೆ ಹೋದರೂ ನೋವಿನ ಮದ್ದು ಮಲೆನಾಡಿನ ಆ ಮೂಲೆಯ ಮನೆಗೆ ತಲುಪಬೇಕು. ಅದು ಯಾರ ಕೃಪೆಯೂ ಅಲ್ಲ, ರೋಗಿಯ ಹಕ್ಕು.